ಗ್ರೋ ಲೈಟಿಂದ ಉಳಿದ ಡ್ರೈವರ್ ಮನ್ಯಾಗ ಬಿದ್ದಾವ, ಬ್ಯಾರೆ ಕೆಲಸಕ್ಕ ಹಚ್ಚಬಹುದೇನ್ರಿ?

ತಳೇಗಾಂವ್_ತೋಟ
ಎಲ್ಲಾರಿಗೂ ನಮಸ್ಕಾರ್ರಿ. ತಳೇಗಾಂವ್ ದಾಭಾಡೆ ಹತ್ರ ಒಂದು ಶೆಡ್ಡಿನಾಗ ಗ್ರೋ ಲೈಟ್ ಅಂದ್ರ ಗಿಡ ಬೆಳೆಸೋ ಎಲ್‌ಇಡಿ ದೀಪ ಹಚ್ಚಿ ಮೈಕ್ರೋಗ್ರೀನ್ಸ್ (ಎಳೇ ಸೊಪ್ಪು) ಬೆಳೀತಿದ್ವಿ, ಪುಣೆದಾಗಿನ ಹೋಟೆಲ್‌ನವ್ರಿಗೆ ಹಾಕ್ತಿದ್ವಿ, ಈಗ ಶೆಡ್ ಖಾಲಿ ಮಾಡೇವಿ. ಎಲ್‌ಇಡಿ ಬೋರ್ಡು ಒಬ್ರು ನರ್ಸರಿಯವ್ರು ತಗೊಂಡು ಹೋದ್ರು, ಅವರ ಹತ್ರ ಡ್ರೈವರ್, ಅಂದ್ರ ಎಲ್‌ಇಡಿಗೆ ಕರೆಂಟ್ ಕೊಡೋ ಡಬ್ಬಿ, ಮೊದಲ ಇದ್ವಂತ, ಹಿಂಗಾಗಿ ಡ್ರೈವರ್ ಎಲ್ಲಾ ನನ್ನ ಹತ್ರಾನ ಉಳದಾವ. ಎರಡು ಮೀನ್‌ವೆಲ್ ಎಚ್‌ಎಲ್‌ಜಿ-240ಎಚ್-48ಎ, ಒಂದು ಎಚ್‌ಎಲ್‌ಜಿ-240ಎಚ್-ಸಿ1400ಬಿ, ಮತ್ತ ಹೆಸರೂ ಇಲ್ಲದ ನಾಕು ಸಣ್ಣ ಪ್ಲಾಸ್ಟಿಕ್ ಡಬ್ಬಿ, ಅದರ ಮ್ಯಾಲೆ ಬರೇ ಔಟ್‌ಪುಟ್ 60-100 ವೋಲ್ಟ್ 300 ಮಿಲಿಆಂಪ್ ಅಂತ ಬರದಾರ.
ಮಾಡಬೇಕಂತ ಇರೋದು ಇಷ್ಟು: ಗ್ಯಾರೇಜಿನ ಟೇಬಲ್ ಮ್ಯಾಲೆ ಒಂದು ಜೋರ್ ಬೆಳಕು, ಅಡಿಗಿಮನಿ ಕಪಾಟಿನ ಕೆಳಗ 24 ವೋಲ್ಟಿನ ಸ್ಟ್ರಿಪ್, ಸೊಸೈಟಿ ಗಣಪತಿ ಮಂಟಪಕ್ಕ ಲೈಟು. ಇನ್ನೊಬ್ಬ ದೋಸ್ತ ಏನಂತಾನ ಅಂದ್ರ 48 ವೋಲ್ಟ್ ಐತಲ್ಲ, ಇ-ಬೈಕ್ ಬ್ಯಾಟರಿ ಚಾರ್ಜ್ ಮಾಡಾಕ ಹಚ್ಚು ಅಂತ. ಮನ್ಯಾಗ ಸಣ್ಣ ಹುಡುಗ್ರು ಅದಾರ, ಅದಕ್ಕ ಮೊದಲ ಕೇಳಿ ಆಮ್ಯಾಲೆ ವೈರ್ ಹಚ್ಚೋಣ ಅಂತ ಇಲ್ಲಿ ಬರೀಲಿಕತ್ತೇನಿ.

ಡೊಂಬಿವಲಿ_ಬೆಂಚ್
ಮೊದಲು ಕೇಳಿದ್ದು ಬಹಳ ಒಳ್ಳೇದಾಯ್ತು ಸರ್. ನಾನು ಪವರ್ ಸಪ್ಲೈ ರಿಪೇರಿ ಮಾಡೋನು, ಗ್ರೋ ಲೈಟ್ ಡ್ರೈವರ್‌ಗಳೂ ಬೆಂಚಿಗೆ ಬರ್ತಾ ಇರ್ತವೆ, ಸ್ವಲ್ಪ ಉದ್ದವಾಗೇ ಬರೀತೀನಿ.
ನಿಮ್ಮ ಹತ್ರ ಇರೋ ಮೂರು ಜಾತಿ ಡ್ರೈವರ್‌ನೂ ಒಂದೇ ಅಂತ ನೋಡ್ಬೇಡಿ, ಮೂರರ ಅಪಾಯನೂ ಬೇರೆ ಬೇರೆ. ಎಲ್‌ಇಡಿಗೆ ಬೇಕಾಗಿರೋದು ಹಿಡಿತದಲ್ಲಿರೋ ಕರೆಂಟು, ಯಾಕಂದ್ರೆ ವೋಲ್ಟೇಜ್ ಒಂಚೂರು ಏರಿದ್ರೂ ಎಲ್‌ಇಡಿ ಎಳೆಯೋ ಕರೆಂಟು ಸಿಕ್ಕಾಪಟ್ಟೆ ಏರತ್ತೆ, ಬಿಸಿಯಾದಷ್ಟೂ ಅದರ ವೋಲ್ಟೇಜ್ ಇಳಿದು ಇನ್ನೂ ಜಾಸ್ತಿ ಎಳೆಯತ್ತೆ. ಅದಕ್ಕೇ ಗ್ರೋ ಲೈಟ್ ಡ್ರೈವರ್‌ಗಳು ಕಾನ್ಸ್ಟಂಟ್ ಕರೆಂಟ್ ಇರ್ತವೆ, ಅಂದ್ರೆ ಕರೆಂಟು ಇಷ್ಟೇ ಅಂತ ಹಿಡಿದಿಟ್ಟು ವೋಲ್ಟೇಜನ್ನ ಲೋಡಿಗೆ ತಕ್ಕ ಹಾಗೆ ಮೇಲೆ ಕೆಳಗೆ ಮಾಡ್ಕೊಳ್ತವೆ. ಆ ಮೇಲೆ ಕೆಳಗೆ ಆಗೋ ವೋಲ್ಟೇಜಿಗೂ ಒಂದು ರೇಂಜ್ ಇರತ್ತೆ, ಲೇಬಲ್ ಮೇಲೇ ಇರತ್ತೆ.
ನಿಮ್ಮ 48ಎ ಕರೆಂಟ್ ಹಿಡಿಯೋದು, ವೋಲ್ಟೇಜ್ ಹಿಡಿಯೋದು ಎರಡೂ ಮಾಡತ್ತೆ. 48 ವೋಲ್ಟ್, 5 ಆಂಪ್, 240 ವಾಟ್. ಲೋಡ್ 24ರಿಂದ 48 ವೋಲ್ಟಿನ ಒಳಗಿದ್ರೆ ಕರೆಂಟ್ ಹಿಡಿಯತ್ತೆ, ಲೋಡ್ ಕಮ್ಮಿ ಎಳೆದ್ರೆ 48 ವೋಲ್ಟ್ ಸಪ್ಲೈ ಥರ ನಿಲ್ಲತ್ತೆ. ಎ ಅಂದ್ರೆ ಮೈಮೇಲೆ ರಬ್ಬರ್ ಮುಚ್ಚಳದ ಕೆಳಗೆ ಎರಡು ಸಣ್ಣ ತಿರುಗಣೆ ಇರ್ತವೆ, ಒಂದು ವೋಲ್ಟಿಗೆ ಒಂದು ಕರೆಂಟಿಗೆ. ಕರೆಂಟನ್ನ 2.5 ಆಂಪ್ ತನಕ ಇಳಿಸಬಹುದು. ನಿಮ್ಮ ಹತ್ರ ಇರೋದ್ರಲ್ಲಿ ಮನೆ ಕೆಲಸಕ್ಕೆ ಹೊಂದೋದು ಇದೇ.
ಸಿ1400ಬಿ ವಿಷಯ ಬೇರೆ. ಅದು 1.4 ಆಂಪ್, ವೋಲ್ಟೇಜ್ ಮಾತ್ರ 89ರಿಂದ 179 ಡಿಸಿ. 60 ವೋಲ್ಟ್ ಡಿಸಿ ದಾಟಿದ ಮೇಲೆ ಅದನ್ನ ಮುಟ್ಟಬಹುದಾದ ಲೋ ವೋಲ್ಟೇಜ್ ಅಂತ ಯಾರೂ ಲೆಕ್ಕಕ್ಕೆ ತಗೊಳ್ಳಲ್ಲ. ಬೋರ್ಡಿನ ಬೆಸುಗೆ ಚುಕ್ಕಿಗಳು ತೆರೆದಿದ್ದು ಅಲ್ಲಿ ಬೆರಳು ಹೋಯ್ತು ಅಂದ್ರೆ ಜೀವಕ್ಕೇ ಬರತ್ತೆ. ಲೋಡ್ ಇಲ್ಲದೆ ಆನ್ ಮಾಡಿದ್ರೆ ವೋಲ್ಟೇಜ್ ಸೀದಾ ಮೇಲಿನ ಮಿತಿಗೆ ಹೋಗಿ ನಿಲ್ಲತ್ತೆ, ಆ ಸ್ಥಿತಿಯಲ್ಲಿ ಎಲ್‌ಇಡಿ ತಂದು ಚುಚ್ಚಿದ್ರೆ ಔಟ್‌ಪುಟ್ ಕೆಪಾಸಿಟರಲ್ಲಿ ತುಂಬಿದ್ದೆಲ್ಲ ಒಂದೇ ಸಲ ಎಲ್‌ಇಡಿ ಮೇಲೆ ಬಿದ್ದು ಅದು ಅಲ್ಲೇ ಹೋಗತ್ತೆ. ಮೊದಲು ಎಲ್‌ಇಡಿ ಜೋಡಿಸಿ, ಆಮೇಲೆ ಮೇನ್ ಆನ್. ತೆಗೆಯುವಾಗ ಮೊದಲು ಮೇನ್ ಆಫ್, ಸ್ವಲ್ಪ ಹೊತ್ತು ಬಿಟ್ಟು ಮೀಟರ್ ಇಟ್ಟು ನೋಡಿ ವೈರ್ ತೆಗೀರಿ.
ಹೆಸರಿಲ್ಲದ ಪ್ಲಾಸ್ಟಿಕ್ ಡಬ್ಬಿ ಬಗ್ಗೆ ಕೆಳಗೆ ಬೇರೆ ಬರೀತೀನಿ, ನನಗೆ ಜಾಸ್ತಿ ಹೆದರಿಕೆ ಇರೋದು ಅದರದ್ದೇ.

ಪಿಂಪ್ರಿ_ಪ್ಯಾನೆಲ್
ಬ್ಯಾಟರಿ ಮಾತು ಮೊದಲ ಮುಗಿಸೋಣ್ರಿ. ಬ್ಯಾಡ. 48 ವೋಲ್ಟಿನ ಇ-ಬೈಕ್ ಪ್ಯಾಕ್ ಅಂದ್ರ 13 ಸೆಲ್ ಸಾಲಾಗಿ ಇರ್ತಾವ, ತುಂಬಿದಾಗ 54.6 ವೋಲ್ಟ್ ಆಗ್ತೈತಿ, ನಿಮ್ಮ 48ಎ ಅಲ್ಲೀತನಕ ಹೋಗೋದ ಇಲ್ಲ. 54 ವೋಲ್ಟಿನ ಮಾಡೆಲ್ ತಗೊಂಡು ತಿರುಗಣಿ ತಿರುವಿ ಚಾರ್ಜ್ ಮಾಡೋ ಮಂದಿ ಅದಾರ, ಕರೆಂಟು ವೋಲ್ಟು ಎರಡೂ ಹಿಡಿತಾವ ಅನ್ನೋದೂ ಖರೇನ. ಆದ್ರ ಚಾರ್ಜರ್ ಅಂದ್ರ ತುಂಬಿದ ಮ್ಯಾಲೆ ತಾನ ಕಡ್ಕೋಬೇಕು, ಡ್ರೈವರ್‌ಗೆ ಆ ಬುದ್ಧಿ ಇರೂದಿಲ್ಲ. ಪ್ಲಸ್ ಮೈನಸ್ ಅದಲು ಬದಲು ಆದ್ರ ತಡೆಯೋದಿಲ್ಲ, ಲೈಟ್ ಹೋದಾಗ ಬ್ಯಾಟರಿ ಕಡಿಂದ ಡ್ರೈವರ್ ಔಟ್‌ಪುಟ್ಟಿಗೆ ವೋಲ್ಟು ಹಂಗ ಕುಂತಿರ್ತೈತಿ. ಎಲ್ಲಾ ಭಾರ ಬಿಎಂಎಸ್ (ಪ್ಯಾಕಿನೊಳಗ ಬ್ಯಾಟರಿ ಕಾಯೋ ಸರ್ಕ್ಯೂಟ್) ಒಂದರ ಮ್ಯಾಲೆ. ಫ್ಲ್ಯಾಟಿನಾಗ ಮಲಗೋ ಕೋಣಿ ಬಾಜೂಕ ಲಿಥಿಯಂ ಪ್ಯಾಕ್ ಇಟ್ಟು ಈ ಆಟ ಆಡಬ್ಯಾಡ್ರಿ, ಗಾಡಿ ಜೊತಿ ಬಂದ ಚಾರ್ಜರ್ ಹಚ್ರಿ. ದೋಸ್ತಗೂ ಹೇಳ್ರಿ.

ಮಡಗಾಂವ್_ಮೀನು
ನಾನು ಪ್ಲಾಂಟೆಡ್ ಅಕ್ವೇರಿಯಂ ಇಟ್ಟಿದ್ದೇನೆ, ಇದೇ 48 ವೋಲ್ಟಿನ ಡ್ರೈವರ್ ನನ್ನಲ್ಲಿಯೂ ಒಂದು ಉಂಟು. 24 ವೋಲ್ಟಿನ ಎರಡು ಸ್ಟ್ರಿಪ್ ಸೀರೀಸಲ್ಲಿ ಹಾಕಿದರೆ 48 ಆಯ್ತಲ್ವಾ ಮಾರಾಯ್ರೆ, ನಾನು ಕಪಾಟಿಗೆ ಹಾಗೇ ಹಾಕಿದ್ದು, ಚೆನ್ನಾಗಿಯೇ ಉರಿಯುತ್ತದೆ. ಅದರಲ್ಲಿ ತೊಂದರೆ ಎಂತ?

ಡೊಂಬಿವಲಿ_ಬೆಂಚ್
ಎರಡೂ ಒಂದೇ ರೋಲಿಂದ ಒಂದೇ ಉದ್ದಕ್ಕೆ ಕತ್ತರಿಸಿದ್ರೆ ಉರಿಯತ್ತೆ, ಒಪ್ಪಿದೆ. ಆದ್ರೆ ಸ್ಟ್ರಿಪ್ ಅಂದ್ರೆ ಸಣ್ಣ ಸಣ್ಣ ತುಂಡುಗಳು ಪ್ಯಾರಲಲ್ ಆಗಿರೋದು, ಪ್ರತಿ ತುಂಡಿಗೂ ತನ್ನದೇ ರೆಸಿಸ್ಟರ್. ಒಂದು ಸ್ಟ್ರಿಪ್ಪಲ್ಲಿ ಕೆಲವು ತುಂಡು ಸತ್ತ್ವು ಅಂತಿಟ್ಕೊಳ್ಳಿ, ಆ ಸ್ಟ್ರಿಪ್ 24ರ ಬದಲು 26, 27 ವೋಲ್ಟ್ ತಿನ್ನೋಕೆ ಶುರು ಮಾಡತ್ತೆ, ಉಳಿದ ತುಂಡುಗಳ ಮೇಲೆ ಹೊರೆ ಬಿದ್ದು ಅವೂ ಒಂದೊಂದಾಗಿ ಹೋಗ್ತವೆ, ಅಷ್ಟರಲ್ಲಿ ಸ್ಟ್ರಿಪ್ ಹಿಂದಿನ ಗಮ್ಮು ಪ್ಲೈವುಡ್ಡಿಗೆ ಅಂಟಿದ ಕಡೆ ಚೆನ್ನಾಗಿ ಕಾಯ್ದಿರತ್ತೆ. ಅಡುಗೆಮನೆ ಕಪಾಟಲ್ಲಿ ಇದು ಬೇಡ. ಕೆಳಗಿನ ಸ್ಟ್ರಿಪ್ಪಿಗೆ ನಾಲ್ಕೈದು ಆಂಪ್ ಸಾಕಾಗೋ 48ರಿಂದ 24ರ ಬಕ್ ಕನ್ವರ್ಟರ್ (ಡಿಸಿ ವೋಲ್ಟೇಜ್ ಇಳಿಸೋ ಡಬ್ಬಿ) ಹಾಕಿ, ಇಲ್ಲಾಂದ್ರೆ ಆ ಕೆಲಸಕ್ಕೆ ಅಂತಲೇ ಬರೋ 24 ವೋಲ್ಟಿನ ಸಪ್ಲೈ ತಗೊಳ್ಳಿ, ಮುಂಬೈನ ಲೋಹಾರ್ ಚಾಳಲ್ಲಿ ಕೇಳಿದ್ರೆ ಸಿಗತ್ತೆ, ಪುಣೆಯವರಿಗೆ ತಪಕೀರ್ ಗಲ್ಲಿ ಇದೆ. ನನ್ನ ಕೇಳಿದ್ರೆ ಎರಡನೇದು. ಬಿಟ್ಟಿ ಸಿಕ್ಕ 240 ವಾಟಿನ ಡ್ರೈವರನ್ನ 30 ವಾಟಿನ ಸ್ಟ್ರಿಪ್ಪಿಗೆ ಹಚ್ಚಿ ಮಧ್ಯ ಇನ್ನೊಂದು ಡಬ್ಬಿ ಸೇರಿಸೋದ್ರಲ್ಲಿ ಉಳಿತಾಯ ಏನೂ ಇಲ್ಲ.

ಮಡಗಾಂವ್_ಮೀನು
ಸರಿ, ಆ ತುಂಡಿನ ಲೆಕ್ಕ ಈಗ ಅರ್ಥ ಆಯ್ತು. ಸ್ಟ್ರಿಪ್ ತೆಗೆದು ಅಲ್ಯೂಮಿನಿಯಂ ಚಾನೆಲ್ಲಿಗೆ ಹಾಕಿ ಬೇರೆ ಸಪ್ಲೈ ಕೊಡುತ್ತೇನೆ. ಟ್ಯಾಂಕಿನ ಮೇಲೆ 48ಎ ಇಡಬಹುದಾ ಹಾಗಾದರೆ? ಇಲ್ಲಿ ಗೋವಾದಲ್ಲಿ ಉಪ್ಪು ಗಾಳಿಗೆ ತಾಮ್ರ ಎಲ್ಲ ಹಸಿರು ಹಿಡಿಯುತ್ತದೆ, ಅದೊಂದು ತಲೆಬಿಸಿ.

ಡೊಂಬಿವಲಿ_ಬೆಂಚ್
48 ವೋಲ್ಟಿನದ್ದು ಇಡಬಹುದು, ಇನ್‌ಪುಟ್ಟಿಂದ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಮೂಲಕ ಬೇರೆ ಆಗಿರತ್ತೆ ಅದರಲ್ಲಿ. ಆದ್ರೆ ಡ್ರೈವರ್ ಟ್ಯಾಂಕಿನ ಮುಚ್ಚಳದ ಮೇಲೆ ಬೇಡ, ಪಕ್ಕದ ಗೋಡೆಗೆ ನೀರಿನ ಮಟ್ಟಕ್ಕಿಂತ ಮೇಲೆ ಬೋಲ್ಟ್ ಹಾಕಿ. ವೈರ್ ಡ್ರೈವರಿಗೆ ಸೇರೋ ಮೊದಲು ಒಂದು ಸಲ ಕೆಳಗೆ ಜೋತುಬಿದ್ದು ಮೇಲೆ ಹೋಗೋ ಹಾಗೆ ಬಿಡಿ, ವೈರ್ ಮೇಲೆ ಹರಿದು ಬಂದ ನೀರು ಆ ತಗ್ಗಲ್ಲೇ ತೊಟ್ಟಿಕ್ಕತ್ತೆ. ಉಪ್ಪು ಗಾಳಿಗೆ ತವರ ಬಳಿದ ತಾಮ್ರದ ವೈರು, ವೈರ್ ಹೋಗೋ ತೂತನ್ನ ಬಿಗಿ ಮಾಡೋ ಗ್ಲ್ಯಾಂಡ್ ಇರೋ ಐಪಿ65 (ಧೂಳು ನೀರು ತಡೆಯೋ ದರ್ಜೆ) ಜಂಕ್ಷನ್ ಬಾಕ್ಸು, ಒಳಗೆ ಜಾಯಿಂಟ್. ಬರೀ ತಿರುಚಿ ಟೇಪ್ ಸುತ್ತಿದ್ದು ಸಮುದ್ರದ ಹತ್ರ ಒಂದು ಮಳೆಗಾಲ ಕಳೆಯೋದೂ ಕಷ್ಟ. ಇನ್ನೊಂದು ಮಾತು, ಎ ಮಾಡೆಲ್ ತಿರುಗಣೆ ತೂತುಗಳ ಕಾರಣಕ್ಕೆ ಐಪಿ65, ಬಿ ಮಾಡೆಲ್‌ಗೆ ತೂತಿಲ್ಲ, ಅದು ಐಪಿ67. ಎ ಮಾಡೆಲಿನ ರಬ್ಬರ್ ಮುಚ್ಚಳ ಕಳೆದಿದ್ರೆ ಐಪಿ ನಂಬರಿಗೆ ಬೆಲೆ ಇಲ್ಲ ಅಂತ ತಿಳ್ಕೊಳ್ಳಿ.
ಸಿ1400 ಮಾತ್ರ ನೀರಿನ ಹತ್ರ ತರಲೇಬೇಡಿ.

ಠಾಣೆ_ತಾರಸಿ
ನಮ್ಮ ಮನೇಲೂ ಇಂಥದ್ದೇ ಒಂದು ಡ್ರೈವರ್ ಇದೆ, ತಾರಸಿ ಮೇಲೆ ಸೊಪ್ಪಿನ ರ‍್ಯಾಕಿಗೆ ಹಾಕಿದೀನಿ. ಅದರ ಅಲ್ಯೂಮಿನಿಯಂ ಮೈ ಮೇಲೆ ಕೈ ಹಿಂಭಾಗ ತಾಗಿಸಿದ್ರೆ ಜುಂ ಅನ್ನತ್ತೆ, ಟೆಸ್ಟರ್ ಇಟ್ರೆ ಸಣ್ಣಗೆ ಕೆಂಪು ದೀಪ ಉರಿಯತ್ತೆ. ಎಲೆಕ್ಟ್ರಿಷಿಯನ್ ಬಂದು ನೋಡಿ ಇದು ಎಲ್ಲ ಎಲ್‌ಇಡಿಗೂ ಇರತ್ತೆ ಬಿಡಿ ಮೇಡಂ ಅಂದ. ಹೌದಾ? ನಮ್ಮದು ಹಳೇ ಬಿಲ್ಡಿಂಗು, ತಾರಸಿ ಮೇಲಿನ ಪಾಯಿಂಟು ಎರಡು ಪಿನ್ನಿಂದು, ಮಧ್ಯ ಒಂದು ಅಡಾಪ್ಟರ್ ಹಾಕಿದೀನಿ.

ಪಿಂಪ್ರಿ_ಪ್ಯಾನೆಲ್
ಅಕ್ಕಾರ, ಇವತ್ತ ಅದನ್ನ ಬಂದ್ ಮಾಡ್ರಿ, ಅರ್ಥಿಂಗ್ ಆಗೋತನಕ ಚಾಲೂ ಮಾಡಬ್ಯಾಡ್ರಿ. ಆ ಜುಂ ಎಲ್ಲಿಂದ ಬರ್ತೈತಿ ಅಂದ್ರ, ಡ್ರೈವರ್ ಒಳಗ ಫೇಸಿಂದ ಮೈಗೂ ನ್ಯೂಟ್ರಲಿಂದ ಮೈಗೂ ಒಂದೊಂದು ಸಣ್ಣ ಕೆಪಾಸಿಟರ್ ಇರ್ತಾವ, ವೈ ಕೆಪಾಸಿಟರ್ ಅಂತಾರ, ರೇಡಿಯೋ ಟಿವಿಗೆ ಗರಗರ ಸದ್ದು ಬರಬಾರದಂತ ಹಾಕಿದ್ದು. ಅರ್ಥ್ ವೈರ್ ಇದ್ರ ಆ ಸಣ್ಣ ಸೋರಿಕಿ ಅರ್ಥಿಗೆ ಹೋಗಿಬಿಡ್ತೈತಿ. ಅರ್ಥ್ ಇಲ್ಲಂದ್ರ ಮೈ 230ರ ಅರ್ಧದ ಹತ್ರ ತೇಲ್ತೈತಿ, ಮೀಟರ್ ಇಟ್ರ ನೂರರ ಆಸುಪಾಸು ತೋರಸ್ತೈತಿ. ಸೋರಿಕಿ ಒಂದು ಮಿಲಿಆಂಪಿಗಿಂತ ಕಮ್ಮಿ, ಅಷ್ಟರಿಂದ ಜೀವಕ್ಕ ಅಪಾಯ ಇಲ್ಲ ಅಂತ ನಿಮ್ಮ ಎಲೆಕ್ಟ್ರಿಷಿಯನ್ ಹೇಳಿರಬೇಕು. ಆದ್ರ ನಾಳೆ ಒಳಗ ಇನ್ಸುಲೇಶನ್ ಹೋಗಿ ಪೂರ್ತಿ ಫೇಸ್ ಮೈಗೆ ಬಂತಂದ್ರ ಆಗೂ ಟೆಸ್ಟರ್ ಹಿಂಗ ಉರಿತೈತಿ, ಆಗೂ ಜುಂ ಅಂತನ ಶುರು ಆಗ್ತೈತಿ, ಎರಡಕ್ಕೂ ಫರಕ್ ನಿಮಗ ಗೊತ್ತಾಗೂದಿಲ್ಲ. ತಾರಸಿ, ಹಸಿ ನೆಲ, ನೀರಿನ ಝಾರಿ ಕೈಯಾಗ. ಅದಕ್ಕ ಹೇಳ್ತೇನಿ.
ಹಸಿರು-ಹಳದಿ ವೈರ್ ಡ್ರೈವರಿಂದ ಹೊರಗ ಬಂದೈತಿ ಅಂದ್ರ ಅದು ಅರ್ಥ್ ಕೇಳೋ ಡ್ರೈವರು, ಕತ್ತರಿಸಿ ಟೇಪ್ ಸುತ್ತಿ ಬಿಡೂ ವೈರಲ್ಲ. ಮೇನ್ ಬೋರ್ಡಿಂದ ಮೂರು ವೈರ್ ಎಳಸ್ರಿ, ಬೋರ್ಡಿನಾಗ 30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟ್ ಸೋರಿದ್ರ ತಾನ ಕಡ್ಕೊಳ್ಳೋ ಸ್ವಿಚ್) ಕೂಡಸ್ರಿ, ಆ ಅಡಾಪ್ಟರ್ ತಗದು ಬಿಸಾಕ್ರಿ. ನೀರಿನ ಪೈಪಿಗೆ ಅರ್ಥ್ ಕಟ್ಟೋದು ಇನ್ನೂ ಕೆಲವು ಕಡೆ ನಡದೈತಿ, ಅದನ್ನ ಯಾರರ ಹೇಳಿದ್ರ ಕೇಳಬ್ಯಾಡ್ರಿ, ನಡುವ ಎಲ್ಲರ ಪ್ಲಾಸ್ಟಿಕ್ ಪೈಪ್ ಇದ್ರ ಮ್ಯಾಲಿನ ಮನಿಯವರ ನಳಕ್ಕ ಕರೆಂಟ್ ಬರ್ತೈತಿ.

ಠಾಣೆ_ತಾರಸಿ
ಈಗಲೇ ಪ್ಲಗ್ ತೆಗೆದೆ. ಹಸಿರು ವೈರ್ ಹೌದು, ಟೇಪ್ ಸುತ್ತಿಟ್ಟಿದ್ದಾರೆ. ಸೊಸೈಟಿ ಕಮಿಟಿಗೆ ಹೇಳಿ ತಾರಸಿ ಲೈನ್ ಪೂರ್ತಿ ಬದಲಾಯಿಸೋಕೆ ಕೇಳ್ತೀನಿ, ಪಂಪಿನ ಪಾಯಿಂಟೂ ಅದೇ ಲೈನಲ್ಲಿದೆ.

ಡೊಂಬಿವಲಿ_ಬೆಂಚ್
ತೋಟದವರೇ, ಆ ಪ್ಲಾಸ್ಟಿಕ್ ಡಬ್ಬಿಗಳ ಬಗ್ಗೆ ಈಗ. ಇಂಥದ್ರಲ್ಲಿ ಎರಡು ಥರ. ಒಂದರಲ್ಲಿ ಟ್ರಾನ್ಸ್‌ಫಾರ್ಮರ್ ಇರತ್ತೆ, ಔಟ್‌ಪುಟ್ ಮೇನಿಂದ ಬೇರೆ. ಇನ್ನೊಂದರಲ್ಲಿ ಬರೀ ಒಂದು ಸುರುಳಿ, ಅಲ್ಲಿ ಔಟ್‌ಪುಟ್ ನೇರ ಮೇನಿಗೆ ಸೇರಿರತ್ತೆ. ಎರಡನೇ ಥರದಲ್ಲಿ ಪ್ಲಸ್ ಮೈನಸ್ ಮಧ್ಯ ಮೀಟರ್ 80 ವೋಲ್ಟ್ ಅಂತ ತೋರಿಸ್ತಾ ಇದ್ರೂ ಅದೇ ವೈರಿಂದ ನೆಲಕ್ಕೆ ಅಳೆದ್ರೆ ಮೇನ್ ಸಿಗತ್ತೆ. ಫ್ಯಾಕ್ಟರಿ ಫಿಟ್ಟಿಂಗಲ್ಲಿ ಪೂರ್ತಿ ಪ್ಲಾಸ್ಟಿಕ್ ಒಳಗೆ ಮುಚ್ಚಿರೋದ್ರಿಂದ ನಡೆದುಹೋಗತ್ತೆ, ಹೊರಗೆ ತೆಗೆದು ಅಲ್ಯೂಮಿನಿಯಂ ತಗಡಿನ ಮೇಲೆ ಕೂರಿಸಿದ ಎಲ್‌ಇಡಿಗೆ ಹಾಕಿದ್ರಿ ಅಂದ್ರೆ ತಗಡೇ ಕರೆಂಟ್ ಹೊಡೆಯೋ ಹಾಗಾಗಬಹುದು.
ಕಂಡುಹಿಡಿಯೋದು ಹೀಗೆ. ಪ್ಲಗ್ಗಿಂದ ಪೂರ್ತಿ ಬಿಚ್ಚಿ, ಒಳಗಿನ ಕೆಪಾಸಿಟರ್ ಖಾಲಿ ಆಗೋಕೆ ಸಾಕಷ್ಟು ಸಮಯ ಕೊಡಿ, ಇನ್‌ಪುಟ್ ಮೇಲೂ ಔಟ್‌ಪುಟ್ ಮೇಲೂ ವೋಲ್ಟೇಜ್ ಸೊನ್ನೆ ಅಂತ ಮೀಟರಲ್ಲಿ ನೋಡ್ಕೊಳ್ಳಿ. ಆಮೇಲೆ ಮೀಟರನ್ನ ಡಯೋಡ್ ಗುರುತಿಗೆ ತಿರುಗಿಸಿ ಒಂದು ಕಡ್ಡಿ ಫೇಸ್ ವೈರಿಗೆ ಇನ್ನೊಂದು ಔಟ್‌ಪುಟ್ ಪ್ಲಸ್ಸಿಗೆ, ಆಮೇಲೆ ಮೈನಸ್ಸಿಗೆ, ಆಮೇಲೆ ಕಡ್ಡಿ ಅದಲು ಬದಲು ಮಾಡಿ, ನ್ಯೂಟ್ರಲಿಂದಲೂ ಇದೇ ಪೂರ್ತಿ ಸುತ್ತು. ಎಲ್ಲಾದ್ರೂ 0.5ರ ಹತ್ರ ಒಂದು ಅಂಕಿ ಬಂತು ಅಂದ್ರೆ ಒಳಗಿನ ಬ್ರಿಡ್ಜ್ ಡಯೋಡ್ ಮೂಲಕ ದಾರಿ ಇದೆ, ಡಬ್ಬಿ ಪಕ್ಕಕ್ಕಿಡಿ. ಎಲ್ಲ ಕಡೆ ಓಪನ್ ತೋರಿಸಿದ್ರೂ ಒಳಗಿನ ಇನ್ಸುಲೇಶನ್ ಗಟ್ಟಿ ಇದೆ ಅಂತ ಸರ್ಟಿಫಿಕೇಟ್ ಕೊಟ್ಟ ಹಾಗಲ್ಲ, ಹಾಗಾಗಿ ಲೇಬಲ್ಲೂ ನೋಡಿ. ನಮ್ಮ ದೇಶದಲ್ಲಿ ಎಲ್‌ಇಡಿ ಡ್ರೈವರಿಗೆ ಐಎಸ್ 15885 ಪ್ರಕಾರ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ರಿಜಿಸ್ಟ್ರೇಶನ್ ಕಡ್ಡಾಯ, ಆರ್ ಅಕ್ಷರದಿಂದ ಶುರುವಾಗೋ ನಂಬರ್ ಇರಬೇಕು. ಹೆಸರೂ ಇಲ್ಲ ನಂಬರೂ ಇಲ್ಲ ಅಂದ್ರೆ ಮಕ್ಕಳಿರೋ ಮನೇಲಿ ನಾನಂತೂ ಹಾಕಲ್ಲ.
ಡಬ್ಬಿ ಬಿಚ್ಚಿ ನೋಡೋಣ ಅಂತ ಅನ್ನಿಸಬಹುದು. 230ನ್ನ ಡಿಸಿ ಮಾಡಿದ್ರೆ 325 ವೋಲ್ಟ್, ಪವರ್ ಫ್ಯಾಕ್ಟರ್ ಸರ್ಕ್ಯೂಟ್ ಇದ್ರೆ 400ರ ತನಕ, ಪ್ಲಗ್ ತೆಗೆದ ಮೇಲೂ ಸ್ವಲ್ಪ ಹೊತ್ತು ಅದು ಕೆಪಾಸಿಟರಲ್ಲಿ ಕೂತಿರತ್ತೆ. ಅಭ್ಯಾಸ ಇಲ್ಲದವರು ಬಿಚ್ಚಬೇಡಿ.

ತಳೇಗಾಂವ್_ತೋಟ
ಭಾಳ ಉಪಕಾರ ಆತ್ರಿ. ಮೀಟರ್ ಇಟ್ಟು ನೋಡಿದೆ, ನಾಕರಾಗ ಎರಡಕ್ಕ 0.48, 0.5 ಹಿಂಗ ಬಂತು, ಉಳಿದ ಎರಡು ಓಪನ್ ಅದಾವ ಆದ್ರ ಯಾವುದರ ಮ್ಯಾಲೂ ನಂಬರ್ ಇಲ್ಲ. ನಾಕೂ ಬ್ಯಾಡ ಅಂತ ತಗದಿಟ್ಟೆ. ಈಗ ಗ್ಯಾರೇಜ್ ಲೈಟು ಮತ್ತ ಗಣಪತಿ ಮಂಟಪದ್ದು ಹೇಳ್ರಿ. ಗ್ಯಾರೇಜಿಗೆ ಸಿ1400ಕ್ಕ 36 ವೋಲ್ಟಿನ ಸಿಒಬಿ (ಒಂದ ತಗಡಿನ ಮ್ಯಾಲೆ ಭಾಳ ಎಲ್‌ಇಡಿ ಒತ್ತಾಗಿ ಕೂಡಿಸಿದ್ದು) ಹಚ್ಚಬೇಕಂತ ಐತಿ.

ಡೊಂಬಿವಲಿ_ಬೆಂಚ್
ಲೆಕ್ಕ ಸರಳ. 36 ವೋಲ್ಟಿನ ಸಿಒಬಿ ಎರಡು ಸೀರೀಸಲ್ಲಿ ಹಾಕಿದ್ರೆ 72, ಡ್ರೈವರಿಗೆ ಕನಿಷ್ಠ 89 ಬೇಕು, ಮಿಣುಕು ಬರತ್ತೆ ಇಲ್ಲಾ ಹತ್ತೋದೇ ಇಲ್ಲ. ಮೂರಕ್ಕೆ 108, ನಾಲ್ಕಕ್ಕೆ 144, ಎರಡೂ ಸರಿ. ಐದಕ್ಕೆ 180 ಆಗಿ ಮಿತಿ ದಾಟತ್ತೆ. ನಾಲ್ಕು ಹಾಕಿದ್ರೆ 144 ಗುಣಿಸು 1.4, ಸುಮಾರು 200 ವಾಟ್, ಅದರಲ್ಲಿ ಹೆಚ್ಚುಕಮ್ಮಿ ಅರ್ಧ ಶಾಖ ಆಗೇ ಹೋಗತ್ತೆ, ಅಂದ್ರೆ ಒಳ್ಳೇ ದಪ್ಪ ಹೀಟ್‌ಸಿಂಕ್ ಬೇಕು, ಹೀಟ್‌ಸಿಂಕಿಗೂ ಅರ್ಥ್ ಕೊಡಬೇಕು, ಸಿಒಬಿ ಅಂಚಿನ ಬೆಸುಗೆ ಕಾಣದ ಹಾಗೆ ಹೋಲ್ಡರ್ ಹಾಕಿ ಮುಂದೆ ಗಾಜೋ ಪಾಲಿಕಾರ್ಬೊನೇಟೋ ಮುಚ್ಚಬೇಕು. ಇಷ್ಟೆಲ್ಲ ಮಾಡಿದ್ರೆ ಗ್ಯಾರೇಜಿಗೆ ಅದ್ಭುತ ಬೆಳಕು. ಆದ್ರೆ ಒಂದು ಟೇಬಲ್ಲಿಗೆ 200 ವಾಟ್ ಕಣ್ಣು ಕುಕ್ಕತ್ತೆ, ಮೊದಲ ಕಟ್ಟೋಣ ಬೇರೆ, ಮೇಲೆ 144 ವೋಲ್ಟ್. ನನ್ನ ಸಲಹೆ, 48ಎಯನ್ನೇ ಟೇಬಲ್ಲಿಗೆ ಹಾಕಿ, 48 ವೋಲ್ಟಿನ ಒಳಗಿನ ಬಿಳಿ ಬೋರ್ಡು ಎರಡು ಪ್ಯಾರಲಲ್, ಕರೆಂಟ್ ತಿರುಗಣೆ ಪೂರ್ತಿ ಕೆಳಗೆ.
ಪ್ಯಾರಲಲ್ ಅಂದಾಗ ಒಂದು ವಿಷಯ ಗಮನದಲ್ಲಿರಲಿ. 5 ಆಂಪನ್ನ ನಾಲ್ಕು ಬೋರ್ಡು ಹಂಚ್ಕೊಂಡ್ರೆ ಒಂದೊಂದಕ್ಕೆ 1.25. ಒಂದರ ವೈರ್ ಸಡಿಲ ಆದ್ರೆ ಅದೇ 5 ಆಂಪು ಮೂರಕ್ಕೆ ಬಂದು ಒಂದೊಂದಕ್ಕೆ 1.67, ಹೀಗೇ ಆಗ್ತಾ ಹೋಗಿ ಉಳಿದ ಒಂದೇ ಬೋರ್ಡಿನ ಮೇಲೆ ಪೂರ್ತಿ 5. ಪ್ರತಿ ಬೋರ್ಡಿಗೂ ಡಿಸಿಗೆ ಆಗೋ ಫ್ಯೂಸ್ ಹಾಕಿ. ವೋಲ್ಟ್ ತಿರುಗಣೆನೂ ಬೋರ್ಡುಗಳಿಗೆ ಬೇಕಾದಷ್ಟಕ್ಕಿಂತ ಸ್ವಲ್ಪ ಮಾತ್ರ ಮೇಲೆ ಇಟ್ರೆ ಕರೆಂಟು ಹುಚ್ಚಾಪಟ್ಟೆ ಏರೋದು ಅಲ್ಲೇ ಕಟ್ಟಾಗತ್ತೆ. ಅಳೆಯೋಕೆ ಡಿಸಿ ಓದೋ ಕ್ಲ್ಯಾಂಪ್ ಮೀಟರ್ ಬೇಕು, ಅಂಗಡಿಯ ಅಗ್ಗದ ಕ್ಲ್ಯಾಂಪ್ ಬಹಳಷ್ಟು ಎಸಿ ಕರೆಂಟ್ ಮಾತ್ರ ಓದ್ತವೆ, ಸೊನ್ನೆ ತೋರಿಸ್ತು ಅಂತ ತಿರುಗಣೆ ತಿರುವುತ್ತಾ ಹೋಗಬೇಡಿ.
ಬೆಳಕು ಕಮ್ಮಿ ಮಾಡೋಕೆ ಫ್ಯಾನಿನ ರೆಗ್ಯುಲೇಟರ್ ಯಾವತ್ತೂ ಇನ್‌ಪುಟ್ಟಲ್ಲಿ ಹಾಕಬೇಡಿ. ಬಿ ಮಾಡೆಲ್‌ಗೆ ಡಿಮ್ ವೈರ್ ಎರಡು ಬಂದಿರತ್ತೆ, ಒಂದು ಡ್ರೈವರಿಗೆ 100 ಕಿಲೋಓಮಿನ ಪಾಟ್ (ತಿರುಗಿಸೋ ರೆಸಿಸ್ಟರ್) ಹಚ್ಚಿದ್ರೆ ಸಾಕು, ಆದ್ರೆ ಡಿಮ್ ಮೈನಸ್ಸನ್ನ ಔಟ್‌ಪುಟ್ ಮೈನಸ್ಸಿಗೆ ಸೇರಿಸಬಾರದು.

ಪಿಂಪ್ರಿ_ಪ್ಯಾನೆಲ್
ಮಂಟಪದ್ದು ನಾ ಹೇಳ್ತೇನಿ. ಅಂಗಳದಾಗ ಮಂಟಪ ಹಾಕೋರಿದ್ರ ಮಹಾವಿತರಣದಿಂದ ಗಣೇಶ ಮಂಡಳಕ್ಕಂತ ಹಂಗಾಮಿ ಕನೆಕ್ಷನ್ ಸಿಗ್ತೈತಿ, ಅದನ್ನ ತಗೋರಿ, ಮಂದಿ ಮನಿ ಪ್ಲಗ್ಗಿಂದ ಕಿಡಕಿ ಹಾಯ್ಸಿ ವೈರ್ ಎಳೀಬ್ಯಾಡ್ರಿ. 48ಎ ಎರಡೂ ಮಂಟಪದ ಹಿಂದ ಹುಡುಗರ ಕೈಗೆ ಸಿಗದಷ್ಟು ಎತ್ತರಕ್ಕ, ಬಟ್ಟಿ ಥರ್ಮಾಕೋಲಿಂದ ದೂರ, ಗಾಳಿ ಆಡೋ ಕಡೆ ಹಾಕ್ರಿ. ಮೈಮ್ಯಾಲೆ ಟಿಸಿ ಅಂತ ಒಂದು ಚುಕ್ಕಿ ಇರ್ತೈತಿ, ಬಿಸಿ ಅಳಿಯೋದು ಅಲ್ಲೇ, ಪರದೆ ಹಿಂದ ಮುಚ್ಚಿಟ್ರ ಅದು ಏರ್ತೈತಿ. ಒಳಗಿನ ಕೆಪಾಸಿಟರ್ ಬಾಳಿಕಿ 10 ಡಿಗ್ರಿ ಏರಿದ್ರ ಅರ್ಧಕ್ಕ ಇಳಿತೈತಿ, ಶೆಡ್ಡಿನಾಗ ಮೊದಲ ದುಡದು ಬಂದ ಡ್ರೈವರ್ ಅವು.
ವೈರ್ 1.5 ಸ್ಕ್ವೇರ್ ಎಂಎಂ ಹಾಕ್ರಿ. 20 ಮೀಟರ್ ದೂರ ಅಂದ್ರ ಹೋಗಿ ಬಂದು 40, 5 ಆಂಪಿಗೆ ಎರಡೂವರೆ ವೋಲ್ಟಿನಷ್ಟು ದಾರ್ಯಾಗ ಹೋಗ್ತೈತಿ. ಅದಕ್ಕ 48 ತುಂಬಾ ಬೇಡೋ ಬೋರ್ಡ್ ಅಷ್ಟು ದೂರ ಇಟ್ರ ಮಂದ ಆಗ್ತೈತಿ, ಬೋರ್ಡ್ 44-45ರಾಗ ಮುಗಿಯುವಂಗಿರಲಿ. ಸ್ವಿಚ್ಚು ಎಸಿ ಕಡೇನ ಇರಲಿ, ಮನಿ ಸ್ವಿಚ್ ಡಿಸಿ ಕಡೆ ಹಾಕಿದ್ರ ಕಿಡಿ ಆರೂದಿಲ್ಲ, ಎಸಿ ಸೆಕೆಂಡಿಗೆ 100 ಸಲ ಸೊನ್ನೆ ಮುಟ್ಟತೈತಿ, ಡಿಸಿ ಮುಟ್ಟೂದಿಲ್ಲ. ಎರಡೂ ಡ್ರೈವರ್ ಒಮ್ಮೆಲೇ ಚಾಲೂ ಮಾಡಬ್ಯಾಡ್ರಿ, ಶುರುವಿನಾಗ ಒಮ್ಮೆಗೆ ಭಾಳ ಎಳಿತಾವ, ಸಣ್ಣ ಎಂಸಿಬಿ ಬೀಳ್ತೈತಿ, ಸ್ಮಾರ್ಟ್ ಪ್ಲಗ್ ಇದ್ರ ಒಳಗಿನ ರಿಲೇ ಅಂಟಿ ಹಿಡಿತೈತಿ.

ಠಾಣೆ_ತಾರಸಿ
ಒಂದು ಸಣ್ಣ ಮಾತು ಸೇರಿಸ್ತೀನಿ, ಹಳೇ ಗ್ರೋ ಬೋರ್ಡನ್ನೇ ಮಂಟಪಕ್ಕೆ ಹಾಕೋ ಯೋಚನೆ ಯಾರಿಗಾದ್ರೂ ಇದ್ರೆ ಅದರಲ್ಲಿ 385 ನ್ಯಾನೋಮೀಟರಿನ ಯುವಿ ಎಲ್‌ಇಡಿ ಇದೆಯಾ ಅಂತ ನೋಡ್ಕೊಳ್ಳಿ. ಜನ ಕೂತು ಆರತಿ ಮಾಡೋ ಕಡೆ ಯುವಿ ಬೇಡ, ಸಾದಾ ಬಿಳಿ ಬೋರ್ಡೇ ಹಾಕಿ.

ತಳೇಗಾಂವ್_ತೋಟ
ನಕ್ಕಿ ಮಾಡಿದೆ ಹಂಗಾದ್ರ. 48ಎ ಒಂದು ಟೇಬಲ್ಲಿಗೆ, ಹಬ್ಬದಾಗ ಅದನ್ನೂ ತಗದು ಎರಡೂ ಮಂಟಪಕ್ಕ, ಮ್ಯಾಲಿಂದ ಆರ್‌ಸಿಸಿಬಿ ಬಾಕ್ಸ್. ಅಡಿಗಿಮನಿಗೆ ಹೊಸ 24 ವೋಲ್ಟಿನ ಸಪ್ಲೈ. ಸಿ1400 ಯಾರರ ಹೈಡ್ರೋಪೋನಿಕ್ಸ್ ಮಾಡೋರು ಬೇಕಂದ್ರ ಕೊಡ್ತೇನಿ, ಅದರ ಜೋಡಿ ಬೋರ್ಡ್ ಇದ್ದವ್ರಿಗೆ ಮಾತ್ರ. ಆ ನಾಕು ಡಬ್ಬಿ ಭಂಗಾರದಂವಗ (ಗುಜರಿಯವಗ) ಹಾಕಿದ್ರ ನಡಿತೈತೇನು?

ಡೊಂಬಿವಲಿ_ಬೆಂಚ್
ಭಂಗಾರಕ್ಕೆ ಹಾಕಿದ್ರೆ ಎಲ್ಲೋ ಬಯಲಲ್ಲಿ ಸುಟ್ಟು ತಾಮ್ರ ತೆಗೀತಾರೆ, ಇಲ್ಲಾ ಒರೆಸಿ ಮತ್ತೆ ಯಾರದೋ ಮನೆಗೆ ಮಾರ್ತಾರೆ. ಔಟ್‌ಪುಟ್ ವೈರ್ ಬುಡದಲ್ಲಿ ಕತ್ತರಿಸಿ ಕೊಡಿ, ಕೊಡೋದು ಇ-ವೇಸ್ಟ್ ತಗೊಳ್ಳೋ ಅಧಿಕೃತ ರೀಸೈಕ್ಲರಿಗೆ. ಮಹಾರಾಷ್ಟ್ರ ಮಾಲಿನ್ಯ ನಿಯಂತ್ರಣ ಮಂಡಳಿ ಸೈಟಲ್ಲಿ ಅವರ ಪಟ್ಟಿ ಇದೆ, ಪುಣೆ ಜಿಲ್ಲೆಯವರೂ ಅದರಲ್ಲಿ ಸಿಗ್ತಾರೆ. ಸಿ1400 ಕೊಡುವಾಗ ತಗೊಳ್ಳೋರಿಗೆ 89-179 ವೋಲ್ಟ್ ಡಿಸಿ ಅಂತ ದೊಡ್ಡದಾಗಿ ಬರೆದು ಮೈಮೇಲೆ ಅಂಟಿಸಿ ಕೊಡಿ ಸರ್, ಲೇಬಲ್ ಅಕ್ಷರ ಸಣ್ಣದು, ಕೆಲವರು ಓದಲ್ಲ.